ಹಾಡುಹಗಲಲ್ಲೂ ಉರಿಯುವ ಹೆಡ್‌ಲೈಟ್

ಗಾಂಧಿ ಬಜಾರಿನಲ್ಲಿ ಮಟಮಟ ಮಧ್ಯಾಹ್ನ ಸ್ಕೂಟರಿನ ದೀಪ ಉರಿಯುತ್ತಿದ್ದರೆ ಎದುರಿಗೆ ಬರುವವರು ಬೆರಳು ಮಡಚಿ ಬಿಚ್ಚಿ 'ಲೈಟ್ ಆರಿಸಿ' ಎಂದು ಸನ್ನೆ ಮಾಡುವುದುಂಟು. ಆರಿಸುವುದೆಲ್ಲಿ? 2017ರ ಏಪ್ರಿಲ್ 1ರ ನಂತರ ತಯಾರಾದ ಹೆಚ್ಚಿನ ದ್ವಿಚಕ್ರ ವಾಹನಗಳಿಗೆ ಆ ಸ್ವಿಚ್ಚೇ ಇಲ್ಲ. ಎಂಜಿನ್ ಚಾಲೂ ಆದರೆ ದೀಪವೂ ಹೊತ್ತಿತು. ಸವಾರನಿಗೆ ದಾರಿ ಕಾಣಲೆಂದಲ್ಲ, ಸವಾರನೇ ಇತರರಿಗೆ ಕಾಣಲೆಂದು ಈ ನಿಯಮ. ಸ್ವೀಡನ್ನಿನಲ್ಲಿ ಕಾರುಗಳಿಗೂ ಹಗಲು ದೀಪ ಕಡ್ಡಾಯವಾದದ್ದು 1977ರಲ್ಲೇ.

ಕಾರಿನ 'ಆಟೋ' ದೀಪದ ಕಥೆ ಬೇರೆ. ಮುಂದಿನ ಗಾಜಿನ ಒಳಗಡೆ, ಸಾಮಾನ್ಯವಾಗಿ ಕನ್ನಡಿಯ ಬಳಿ, ಬೆಳಕನ್ನು ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಮಲ್ಲೇಶ್ವರದ ದಟ್ಟ ಮರಗಳ ನೆರಳಿನಲ್ಲೋ ಅಂಡರ್‌ಪಾಸಿನಲ್ಲೋ ಅದು ಹಗಲಲ್ಲೂ ದೀಪ ಹೊತ್ತಿಸೀತು. ಅದರಿಂದ ನಷ್ಟವೇನಿಲ್ಲ. ತೊಂದರೆಯಿರುವುದು ಬೆಳಕಿದ್ದೂ ಕಣ್ಣು ಕಾಣದ ಹೊತ್ತಿನಲ್ಲಿ. ಜನವರಿಯ ಬೆಳಗಿನ ಬಿಳಿ ಮಂಜು, ಸಂಜೆ ನಾಲ್ಕರ ಜಡಿಮಳೆ, ಎರಡೂ ಸೆನ್ಸರಿನ ಲೆಕ್ಕದಲ್ಲಿ ಹಗಲೇ ಆಗಿರಬಹುದು. (ವೈಪರ್ ಆಡಿದೊಡನೆ ದೀಪ ಹೊತ್ತುವ ಏರ್ಪಾಡು ಕೆಲವು ಕಾರುಗಳಲ್ಲಿದೆ, ಎಲ್ಲದರಲ್ಲೂ ಇಲ್ಲ.) ಮುಂದಿನ ಹಗಲು ದೀಪ ಉರಿಯುತ್ತಿದೆಯೆಂದು ಚಾಲಕ ನಿಶ್ಚಿಂತನಾಗಿರುತ್ತಾನೆ, ಅನೇಕ ಕಾರುಗಳಲ್ಲಿ ಆಗ ಹಿಂದಿನ ಕೆಂಪು ದೀಪ ಹೊತ್ತಿರುವುದೇ ಇಲ್ಲ. ಮಳೆಯಲ್ಲಿ ಹಿಂದೆ ಬರುವ ಸ್ಕೂಟರಿನವರಿಗೆ ಆ ಕಾರು ಸರಿಯಾಗಿ ಕಾಣುವುದು ಬ್ರೇಕ್ ಒತ್ತಿದ ಮೇಲೆ!

ಸೂರ್ಯಾಸ್ತವಾಗಿ ಅರ್ಧ ಗಂಟೆಯ ನಂತರವಷ್ಟೇ ಅಲ್ಲ, ಬೆಳಕು ಸಾಲದಾದಾಗಲೆಲ್ಲ ದೀಪ ಹೊತ್ತಿಸಬೇಕೆನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಸಾಲದೆಂದು ತೀರ್ಮಾನಿಸಬೇಕಾದವರು ಸ್ಟಿಯರಿಂಗ್ ಹಿಡಿದವರೇ. ಡ್ರೈವಿಂಗ್ ಕಲಿಯುತ್ತಿರುವ ಕಾಲೇಜು ಮಕ್ಕಳಿಗೆ ತಂದೆತಾಯಿ ಮೊದಲು ತೋರಿಸಬೇಕಾದದ್ದು 'ಆಟೋ' ಬಿಟ್ಟು ಕೈಯಾರೆ ಆ ಸ್ವಿಚ್ ತಿರುಗಿಸುವುದನ್ನು. ಚಾಮರಾಜಪೇಟೆಯ ಇಕ್ಕಟ್ಟು ರಸ್ತೆಗಳಲ್ಲಿ ಎದುರಿನವರ ಕಣ್ಣು ಕುಕ್ಕದಂತೆ ಹೈ ಬೀಮ್ ತಗ್ಗಿಸುವುದೂ ಬಹಳಷ್ಟು ಕಾರುಗಳಲ್ಲಿ ಇನ್ನೂ ಕೈಕೆಲಸವೇ.