ಬಾರಿ ಗಿಡದ ಹುಳುವಿಗೆ ಇರುವೆಯ ಕಾವಲು

ಸಿಂಧನೂರು, ಲಿಂಗಸಗೂರು, ಮಸ್ಕಿ ಕಡೆಯ ಹೊಲದ ಬದುಗಳಲ್ಲಿ ಬಾರಿ ಗಿಡ ತಾನಾಗಿಯೇ ಬೆಳೆಯುತ್ತದೆ. ಹಣ್ಣಿನ ಆಸೆಗೆ ಮಕ್ಕಳು ಮುಳ್ಳಿನಲ್ಲಿ ಕೈ ತರಚಿಕೊಳ್ಳುತ್ತಾರೆ. ಮಯ್ಯಿತ್‌ನ ಗುಸ್ಲ್‌ಗೆ ಕಾಯಿಸುವ ನೀರಿಗೆ ಅದರ ಎಲೆ ಹಾಕುವುದು ನಮ್ಮ ಮನೆಗಳಿಗೆ ಹೊಸತಲ್ಲ. ಆದರೆ ಆ ಎಲೆಯನ್ನೇ ತಿಂದು ಬೆಳೆಯುವ ಪುಟ್ಟ ಚಿಟ್ಟೆಯೊಂದಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು.

ಇಂಗ್ಲಿಷಿನಲ್ಲಿ ಅದರ ಹೆಸರು ಸ್ಟ್ರೈಪ್ಡ್ ಪಿಯರೋ. ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಅಂಗುಲ. ಮಡಚಿ ಕುಳಿತಾಗ ಬಿಳಿಯ ಮೇಲೆ ಕಪ್ಪು ಗೆರೆ, ಚುಕ್ಕೆಗಳು. ಇದರ ಮರಿಹುಳು ಹಸಿರು, ಚಪ್ಪಟೆ. ಎಲೆಗೆ ಅಂಟಿಕೊಂಡರೆ ಕಾಣುವುದೇ ಇಲ್ಲ.

ಇರುವೆಗಳು ಎಂಥ ಮೆತ್ತನೆಯ ಹುಳುವನ್ನೂ ಬಿಡುವವಲ್ಲ, ಎಳೆದುಕೊಂಡು ಹೋಗುತ್ತವೆ. ಇದನ್ನು ಮಾತ್ರ ಸುತ್ತುವರಿದು ಕಾಯುತ್ತವೆ. ಕಾರಣ, ಹುಳುವಿನ ಬೆನ್ನಿನ ಹಿಂಭಾಗದಲ್ಲಿ ಸಿಹಿರಸ ಒಸರುವ ಒಂದು ಗ್ರಂಥಿ. ಇರುವೆ ಮೀಸೆಯಿಂದ ತಟ್ಟಿದರೆ ಒಂದು ಹನಿ ಬರುತ್ತದೆ. ಹುಳುವಿನ ಮೈಯಲ್ಲಿ ಮೊಟ್ಟೆಯಿಡಲು ಬರುವ ಕಣಜಗಳನ್ನು ಇರುವೆ ಓಡಿಸುತ್ತದೆ. ಈ ಬಳಗದ ಚಿಟ್ಟೆಗಳ ಬಗ್ಗೆ 19ನೇ ಶತಮಾನದ ಕೊನೆಯಲ್ಲಿ ಕಲ್ಕತ್ತದ ಲಯೊನೆಲ್ ಡಿ ನೈಸ್‌ವಿಲ್ ಇನ್ನೂ ಸೋಜಿಗದ ಸಂಗತಿ ದಾಖಲಿಸಿದ್ದಾರೆ: ಹುಳು ಬಲಿತಾಗ ಇರುವೆಗಳು ಅದನ್ನು ಕಾಂಡದಗುಂಟ ಕೆಳಗಿಳಿಸಿ, ಗಿಡದ ಬುಡದ ಗೂಡಿಗೆ ಸೇರಿಸುತ್ತವಂತೆ. ಸಂಜೆ ದನ ಹಟ್ಟಿಗೆ ಹೊಡೆದಂತೆ!

ಇದು ನ್ಯಾಯವಾದ ಕೊಡುಕೊಳ್ಳುವಿಕೆಯೇ? ಜಪಾನಿನಲ್ಲಿ ಇದೇ ಕುಟುಂಬದ ಇನ್ನೊಂದು ಚಿಟ್ಟೆಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳುತ್ತದೆ. ಹುಳುವಿನ ರಸ ಕುಡಿದ ಇರುವೆಗಳ ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗಿತ್ತು. ಅವು ಅಲೆದಾಟ ಬಿಟ್ಟು ಹುಳುವಿನ ಬಳಿಯೇ ನಿಂತವು. ಕೂಲಿಯ ಜೊತೆಗೆ ಸ್ವಲ್ಪ ಅಮಲನ್ನೂ ಕುಡಿಸಿದಂತಾಯಿತು. ನನಗಂತೂ ಈ ಹುಳು ಕಾಣುವಷ್ಟು ಸಾಧುವಲ್ಲ ಎನಿಸುತ್ತದೆ.

ಇರುವೆ ಹೋದರೆ ಚಿಟ್ಟೆಯ ಗತಿ ಏನೆಂಬುದನ್ನು ಬ್ರಿಟನ್ ಕಂಡಿದೆ. ಅಲ್ಲಿನ ಲಾರ್ಜ್ ಬ್ಲೂ ಚಿಟ್ಟೆಯ ಹುಳು ಒಂದು ಜಾತಿಯ ಕೆಂಪಿರುವೆಯ ಗೂಡಿನೊಳಗೇ ಬೆಳೆಯುತ್ತದೆ. ದನ, ಮೊಲಗಳ ಮೇಯುವಿಕೆ ಕಡಿಮೆಯಾಗಿ ಹುಲ್ಲು ಎತ್ತರಕ್ಕೆ ಬೆಳೆಯಿತು, ನೆಲ ತಂಪಾಯಿತು, ಬಿಸಿಲು ಬೇಕಾದ ಆ ಇರುವೆ ಅಳಿಯಿತು. 1979ರಲ್ಲಿ ಚಿಟ್ಟೆಯೂ ಇಲ್ಲವಾಯಿತು. ಆಮೇಲೆ ಸ್ವೀಡನ್‌ನಿಂದ ತಂದು ಬಿಡಬೇಕಾಯಿತು.

ನಮ್ಮ ಬಾರಿ ಗಿಡಗಳಿಗಿರುವ ಅಪಾಯ ಬದು ಸವರುವ ಕುಡುಗೋಲು ಮತ್ತು ಜೆಸಿಬಿ. ಒಂದೆರಡು ಗಿಡ ಉಳಿದಿದ್ದರೆ ಮಕ್ಕಳನ್ನು ಕರೆದೊಯ್ದು ತೋರಿಸಿ. ಹುಳುವನ್ನು ಹುಡುಕಬೇಡಿ, ಸಿಗದು. ಒಂದೇ ಎಲೆಯನ್ನು ಬಿಟ್ಟು ಕದಲದ ಇರುವೆಗಳಿವೆಯೇ ನೋಡಿ, ಆ ಎಲೆಯನ್ನು ಮೆಲ್ಲನೆ ತಿರುವಿ.