ಹಾವಿನ ಹೊಟ್ಟೆಯಡಿಯ ಕೆಂಡ

ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವಿಗೆ ಕಗ್ಗತ್ತಲಲ್ಲೂ ಇಲಿ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ತುಟಿಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗುಳಿಗಳು ಇಲಿಯ ಮೈಬಿಸಿಯನ್ನು ಮುಟ್ಟದೆಯೇ ಹಿಡಿದುಬಿಡುತ್ತವೆ. ಈ ಗುಳಿಗಳಲ್ಲಿ ಕೆಲಸ ಮಾಡುವ ಪ್ರೋಟೀನು ಯಾವುದೆಂದು 2010ರಲ್ಲಿ ಪತ್ತೆಹಚ್ಚಿದ್ದು ಡೇವಿಡ್ ಜೂಲಿಯಸ್ ಅವರ ತಂಡ. ಬಿಸಿ ಮತ್ತು ಸ್ಪರ್ಶ ನಮ್ಮ ನರಗಳಿಗೆ ಹೇಗೆ ತಿಳಿಯುತ್ತವೆ ಎಂಬ ಶೋಧನೆಗೆ 2021ರ ನೊಬೆಲ್ ಹಂಚಿಕೊಂಡ ಇಬ್ಬರಲ್ಲಿ ಅವರೂ ಒಬ್ಬರು. ಇಷ್ಟು ಸೂಕ್ಷ್ಮವಾಗಿ ಬಿಸಿಯನ್ನು ಅರಿಯಬಲ್ಲ ಇದೇ ಹಾವು, ಲಂಡನ್ನಿನಲ್ಲೋ ಟೆಕ್ಸಸ್ಸಿನಲ್ಲೋ ಯಾರದೋ ಮನೆಯ ಗಾಜಿನ ಪೆಟ್ಟಿಗೆಯಲ್ಲಿ, ಅತಿಯಾಗಿ ಕಾದ ಹೀಟ್ ಮ್ಯಾಟಿನ (ಕರೆಂಟಿನಿಂದ ಬಿಸಿಯಾಗುವ ಹಾಸಿನ) ಮೇಲೆ ಹೊಟ್ಟೆ ಸುಟ್ಟು ಗುಳ್ಳೆ ಏಳುವವರೆಗೂ ಕದಲದೆ ಮಲಗಿಬಿಡುತ್ತದೆ.

ಹಾವು, ಹಲ್ಲಿ, ಓತಿಗಳನ್ನು ನೋಡುವ ಪಶುವೈದ್ಯರಿಗೆ ಇದು ಹೊಸತಲ್ಲ. ಮೊದಲ ದಿನ ಹೊಟ್ಟೆಯ ಹುರುಪೆಗಳ ಬಣ್ಣ ಸ್ವಲ್ಪ ಮಾಸಿದಂತೆ ಕಾಣುತ್ತದೆ, ಅಷ್ಟೆ. ಕೆಲವು ದಿನ ಕಳೆದ ಮೇಲೆ ಕೆಂಪಡರುತ್ತದೆ, ನೀರು ಒಸರುತ್ತದೆ, ಕೊನೆಗೆ ಕೀವು. ಮಾಯಲು ತಿಂಗಳುಗಳೇ ಬೇಕು. ಹಾವು ಹಲವು ಸಲ ಪೊರೆ ಬಿಟ್ಟರೂ ಕಲೆ ಉಳಿಯುವುದುಂಟು.

ಸುಡುತ್ತಿದ್ದರೆ ಹಾವು ಎದ್ದು ಹೋಗಬಾರದೇ ಎಂಬ ಪ್ರಶ್ನೆ ಸಹಜ. ಗುಳಿಗಳಿರುವುದು ತುಟಿಯ ಮೇಲೆ, ಹೊಟ್ಟೆಯಲ್ಲಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಹಾವು ಬಿಸಿಲು ಕಾಯಿಸುವುದು ಮೈಯೊಳಗಿನ ತಾಪ ಒಂದು ಮಟ್ಟಕ್ಕೆ ಏರುವವರೆಗೆ. ಏರಿತೆಂದರೆ ನೆರಳಿಗೆ ಸರಿಯುತ್ತದೆ. ಪೆಟ್ಟಿಗೆಯ ಗಾಳಿ ತಣ್ಣಗಿದ್ದು ನೆಲದ ಒಂದು ತುಂಡು ಮಾತ್ರ ಕಾದಿದ್ದರೆ ಆ ಮಟ್ಟ ಮುಟ್ಟುವುದೇ ಇಲ್ಲ. ಬೆನ್ನು ತಣ್ಣಗೆ, ಹೊಟ್ಟೆ ಸುಡುಬಿಸಿ. ಇನ್ನೂ ಸಾಲದು ಎಂದುಕೊಂಡು ಹಾವು ಅಲ್ಲೇ ಬಿದ್ದಿರುತ್ತದೆ.

ಪೆಟ್ಟಿಗೆಯಲ್ಲಿರುವ ಹಾವನ್ನು ಬೆಚ್ಚಗಿಡುವ ಪ್ರಯತ್ನಕ್ಕೆ ಹಳೆಯ ಇತಿಹಾಸವಿದೆ, ತಮಾಷೆಯದೂ ಹೌದು. ಸರೀಸೃಪಗಳಿಗೆಂದೇ ಕಟ್ಟಿದ, ಸಾರ್ವಜನಿಕರಿಗೆ ತೆರೆದ ಮೊದಲ ಮನೆ ಲಂಡನ್ ಮೃಗಾಲಯದಲ್ಲಿ ಆರಂಭವಾದದ್ದು 1849ರಲ್ಲಿ. ಅಲ್ಲಿನ ಹಾವುಗಳಿಗೆ ಚಳಿಯಾಗದಿರಲೆಂದು ಕಂಬಳಿ ಹೊದಿಸುತ್ತಿದ್ದರು. 1851ರಲ್ಲಿ ಒಂದು ಬೋವಾ ಹಾವು ಆ ಕಂಬಳಿಯನ್ನೇ ನುಂಗಿ ವಾರಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಆಮೇಲೆ ಕಾರಿತು. ತನ್ನದೇ ಬಿಸಿ ಇಲ್ಲದ ಪ್ರಾಣಿಗೆ ಕಂಬಳಿ ಹೊದಿಸಿ ಏನೂ ಪ್ರಯೋಜನವಿಲ್ಲ ಎಂಬುದು ಬೇರೆ ಮಾತು.

ಮುಕ್ಕಾಲು ಶತಮಾನದ ನಂತರ ಅದೇ ಮೃಗಾಲಯದಲ್ಲಿ ಈ ಸಮಸ್ಯೆಯನ್ನು ಸರಿಯಾಗಿ ಹಿಡಿದವರು ಜೋನ್ ಪ್ರಾಕ್ಟರ್. 1897ರಲ್ಲಿ ಹುಟ್ಟಿದ ಈಕೆ ಚಿಕ್ಕಂದಿನಿಂದಲೇ ಕಾಯಿಲೆಯವರು, ಹಾವು ಹಲ್ಲಿಗಳ ನಡುವೆಯೇ ಬೆಳೆದವರು. 1923ರಲ್ಲಿ ಸರೀಸೃಪ ವಿಭಾಗದ ಹೊಣೆ ಅವರಿಗೆ ಬಂತು. 1927ರಲ್ಲಿ ತೆರೆದ ಹೊಸ ಸರೀಸೃಪ ಭವನವನ್ನು ರೂಪಿಸಿದ್ದು ಅವರೇ. ಇಡೀ ಕಟ್ಟಡವನ್ನು ಒಂದೇ ಸಮ ಕಾಯಿಸುವ ಬದಲು ವಿದ್ಯುತ್ತಿನಿಂದ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಬಿಸಿ ಕೊಡುವ ಏರ್ಪಾಡು ಮಾಡಿದರು. ಅತಿನೇರಳೆ ಕಿರಣ ಒಳಬರಲಿ ಎಂದು ವಿಶೇಷ ಗಾಜನ್ನೂ ಹಾಕಿಸಿದರು. 1931ರಲ್ಲಿ, 34ನೇ ವಯಸ್ಸಿಗೆ ತೀರಿಕೊಂಡರು. ಇವತ್ತು ಅಂಗಡಿಯಲ್ಲಿ ಸಿಗುವ ಬಲ್ಬು, ಮ್ಯಾಟುಗಳ ಹಿಂದಿರುವುದೂ ಜಾಗಕ್ಕೊಂದು ಬಿಸಿ ಎಂಬ ಅವರ ಯೋಚನೆಯೇ.

ಪ್ರಾಕ್ಟರ್ ಕಟ್ಟಿ ತೋರಿಸಿದ್ದಕ್ಕೆ ಅಳತೆಯ ಆಧಾರ ಸಿಕ್ಕಿದ್ದು 1944ರಲ್ಲಿ. ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಮರುಭೂಮಿಯ ಹಾವು, ಹಲ್ಲಿಗಳ ಮೈತಾಪ ಅಳೆದು ಪ್ರಕಟಿಸಿದ ಬರಹ ಈಗಲೂ ಈ ಕ್ಷೇತ್ರದ ಮೂಲಪಾಠ. ಬಿಸಿಲಿಗೂ ನೆರಳಿಗೂ ಓಡಾಡಿಕೊಂಡೇ ಈ ಪ್ರಾಣಿಗಳು ತಮ್ಮ ಮೈಯನ್ನು ಬಹಳ ಕಿರಿದಾದ ತಾಪಮಾನದ ಪಟ್ಟಿಯೊಳಗೆ ಇಟ್ಟುಕೊಳ್ಳುತ್ತವೆ ಎಂದು ಅವರು ತೋರಿಸಿದರು. ಇನ್ನೊಂದು ಅಂಶವೂ ಕಂಡಿತು: ಅವುಗಳಿಗೆ ಹಿತವಾದ ತಾಪಕ್ಕೂ ಪ್ರಾಣ ತೆಗೆಯುವ ತಾಪಕ್ಕೂ ನಡುವಿನ ಅಂತರ ಕೆಲವೇ ಡಿಗ್ರಿ. ಕೆಳಗಿನ ಕಡೆಗೆ ಅಷ್ಟು ಕಟ್ಟುನಿಟ್ಟಿಲ್ಲ. ಚಳಿ ಹಾವನ್ನು ನಿಧಾನವಾಗಿ ಕೊಲ್ಲುತ್ತದೆ, ಬಿಸಿ ಅದೇ ಮಧ್ಯಾಹ್ನ ಮುಗಿಸುತ್ತದೆ. ಗಾಜಿನ ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬಾರದು ಎನ್ನುವುದು ಇದೇ ಕಾರಣಕ್ಕೆ.

ಆದ್ದರಿಂದ ಹಾವು ಸಾಕುವವನು ಕೊಡಬೇಕಾದದ್ದು ಬಿಸಿಯನ್ನಲ್ಲ, ಆಯ್ಕೆಯನ್ನು. ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ. ಬಾಲ್ ಪೈಥಾನಿಗೆ ಬೆಚ್ಚನೆಯ ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಣ್ಣನೆಯ ತುದಿಯಲ್ಲಿ 24ರಿಂದ 26. ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕಿಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಸಾಕು. ಎರಡು ಅಡಿಯ ಪೆಟ್ಟಿಗೆಯಲ್ಲಿ ಈ ಇಳಿಜಾರು ಹುಟ್ಟುವುದೇ ಕಷ್ಟ, ಎಲ್ಲ ಕಡೆಯೂ ಒಂದೇ ಬಿಸಿಯಾಗಿಬಿಡುತ್ತದೆ. ಬೆಳೆದ ಬಾಲ್ ಪೈಥಾನಿಗೆ ನಾಲ್ಕು ಅಡಿ ಉದ್ದದ ಪೆಟ್ಟಿಗೆ ಬೇಕೆನ್ನುವುದು ಬರೀ ಓಡಾಟದ ದೃಷ್ಟಿಯಿಂದಲ್ಲ. ಅಡಗಿ ಕೂರುವ ಗೂಡೂ ಎರಡು ಬೇಕು, ತುದಿಗೊಂದು. ಒಂದೇ ಗೂಡಿದ್ದರೆ ಅಂಜುಬುರುಕ ಹಾವು ತಾಪವನ್ನು ಲೆಕ್ಕಿಸದೆ ಅದರೊಳಗೇ ಉಳಿದುಬಿಡುತ್ತದೆ.

ಊಟವಾದ ಮೇಲೆ ಹಾವು ಬೆಚ್ಚನೆಯ ತುದಿಗೆ ಸರಿಯುತ್ತದೆ. ನುಂಗಿದ ಇಲಿ ಕರಗಬೇಕಾದರೆ ಮೈ ಕಾಯಲೇಬೇಕು. ತಣ್ಣನೆಯ ಪೆಟ್ಟಿಗೆಯಲ್ಲಿ ಅದು ಹೊಟ್ಟೆಯಲ್ಲೇ ಕೊಳೆಯಲು ಶುರುವಾಗಿ, ಹಾವು ಕಾರಿಕೊಳ್ಳುತ್ತದೆ. ತಣ್ಣಗೆ, ಒದ್ದೆಯಾಗಿ ಇಟ್ಟರೆ ಶ್ವಾಸಕೋಶದ ಸೋಂಕೂ ತಪ್ಪಿದ್ದಲ್ಲ.

ತನ್ನದೇ ಬಿಸಿ ಇಲ್ಲ ಎಂಬ ಮಾತಿಗೆ ಒಂದು ಅಪವಾದವೂ ಇದೆ. ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡ ಬರ್ಮಾ ಹೆಬ್ಬಾವು ಸ್ನಾಯುಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಒಂದು ತಾಯಿ ಹಾವಿನ ಮೇಲೆ ವಿಕ್ಟರ್ ಹಚಿಸನ್ ಮತ್ತು ಸಂಗಡಿಗರು ಮಾಡಿದ ಅಳತೆ 1966ರಲ್ಲಿ ಪ್ರಕಟವಾಯಿತು. ಸುತ್ತಲ ಗಾಳಿಗಿಂತ ತಾಯಿಯ ಮೈ ಹಲವು ಡಿಗ್ರಿ ಹೆಚ್ಚು ಬೆಚ್ಚಗಿತ್ತು. ಮೊಟ್ಟೆಗೆ ಬೇಕಾದ ಕಾವನ್ನು ಮ್ಯಾಟಿಲ್ಲದೆ, ಬಲ್ಬಿಲ್ಲದೆ ಒದಗಿಸುವ ತಾಯಿ! ಉಳಿದ ಕಾಲದಲ್ಲಿ ಆಕೆಯೂ ಬಿಸಿಲನ್ನೇ ನಂಬಬೇಕು.

ಇನ್ನು ಸಲಕರಣೆಗಳ ಮಾತು. ಹೀಟ್ ಮ್ಯಾಟು ಅಗ್ಗ, ಪೆಟ್ಟಿಗೆಯ ಕೆಳಗೆ ಅಂಟಿಸಿದರೆ ಕಣ್ಣಿಗೂ ಬೀಳದು. ಆದರೆ ಅದು ಗಾಳಿಯನ್ನು ಕಾಯಿಸುವುದಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲೆ ಮಟ್ಟಸವಾಗಿ ಕೂರಿಸಿ, ಒಳಗೆ ಮರದ ಸಿಪ್ಪೆಯನ್ನು ದಪ್ಪಗೆ ಹಾಸಿದರೆ ಶಾಖ ಹೊರಹೋಗಲು ದಾರಿಯಿಲ್ಲದೆ ಗಾಜಿನಲ್ಲೇ ಕೂಡಿಕೊಳ್ಳುತ್ತದೆ. ಗಾಜು ಸೀಳುವುದೂ ಉಂಟು. ಪೆಟ್ಟಿಗೆಗೆ ನಾಲ್ಕು ಮೂಲೆಯಲ್ಲಿ ಸಣ್ಣ ಕಾಲು ಕೊಟ್ಟು, ಕೆಳಗೆ ಗಾಳಿಯಾಡುವಂತೆ ಮಾಡುವುದು ಇದಕ್ಕೇ. ಬೆಳಕಿಲ್ಲದೆ ಬಿಸಿ ಮಾತ್ರ ಸೂಸುವ ಸೆರಾಮಿಕ್ ಹೀಟರು ರಾತ್ರಿಗೆ ಒಳ್ಳೆಯದು, ಹಾವಿನ ಕತ್ತಲೆ ಕೆಡುವುದಿಲ್ಲ. ಅದರ ಮೈ 200 ಡಿಗ್ರಿ ದಾಟುತ್ತದೆ, ಹಾಗಾಗಿ ಪ್ಲಾಸ್ಟಿಕ್ ಹೋಲ್ಡರ್ ಕರಗಿಹೋಗುತ್ತದೆ, ಪಿಂಗಾಣಿಯದೇ ಬೇಕು. ಹ್ಯಾಲೊಜೆನ್ ಬಲ್ಬು ಹಗಲಿನ ಸೂರ್ಯನಿಗೆ ಹೆಚ್ಚು ಹತ್ತಿರ. ಅದರ ಇನ್‌ಫ್ರಾರೆಡ್ ಕಿರಣ ಚರ್ಮದ ಮೇಲೇ ನಿಲ್ಲದೆ ಒಳಕ್ಕೆ ಇಳಿಯುತ್ತದೆ. ಬಲ್ಬಾಗಲಿ ಸೆರಾಮಿಕ್ಕಾಗಲಿ ಪೆಟ್ಟಿಗೆಯೊಳಗೆ ಇದ್ದರೆ ಸುತ್ತ ತಂತಿಯ ಪಂಜರ ಕಡ್ಡಾಯ. ಹಾವು ಬಲ್ಬಿಗೂ ಸುತ್ತಿಕೊಳ್ಳುತ್ತದೆ. ಒಂದು ಕಾಲಕ್ಕೆ ಅಮೆರಿಕದ ಅಂಗಡಿಗಳಲ್ಲಿ ಭರ್ಜರಿಯಾಗಿ ಮಾರಾಟವಾದ ‘ಹಾಟ್ ರಾಕ್’, ಅಂದರೆ ಒಳಗೆ ತಂತಿ ಇಟ್ಟು ಕಾಯಿಸುವ ನಕಲಿ ಕಲ್ಲು, ಕಸದ ಬುಟ್ಟಿಗೆ ಲಾಯಕ್ಕು. ಒಂದು ಕಡೆ ಉಗುರುಬೆಚ್ಚಗೆ, ಪಕ್ಕದಲ್ಲೇ ಕೆಂಡ.

ಇವೆಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಬಿಸಿ ಮಿತಿ ಮೀರದಂತೆ ಕರೆಂಟನ್ನು ನಿಯಂತ್ರಿಸುವ ಥರ್ಮೋಸ್ಟಾಟ್. ಜನ ಕೊನೆಗೆ ಕೊಳ್ಳುವುದೂ ಅದನ್ನೇ. ಎಲ್ಲಕ್ಕಿಂತ ಸರಳವಾದದ್ದು ಇಸ್ತ್ರಿಪೆಟ್ಟಿಗೆಯಂತೆ ಆರಿ ಹತ್ತುತ್ತದೆ, ಮ್ಯಾಟಿಗೆ ಸಾಕು. ಬಲ್ಬಿಗೆ ಅದನ್ನು ಹಾಕಿದರೆ ದೀಪ ದಿನವಿಡೀ ಹತ್ತಿ ಆರಿ ಹಾವಿಗೂ ಕಿರಿಕಿರಿ, ಬಲ್ಬೂ ಬೇಗ ಸಾಯುತ್ತದೆ. ಬಲ್ಬಿಗೆ ಕರೆಂಟನ್ನು ಏರಿಳಿಸುವ ಡಿಮ್ಮಿಂಗ್ ಬಗೆಯದು, ಸೆರಾಮಿಕ್ಕಿಗೆ ಬಿಟ್ಟುಬಿಟ್ಟು ಕರೆಂಟು ಕೊಡುವ ಪಲ್ಸ್ ಬಗೆಯದು ಹೊಂದುತ್ತದೆ.

ಥರ್ಮೋಸ್ಟಾಟ್ ಇದ್ದೂ ಅನಾಹುತವಾಗುವುದು ಹೀಗೆ. ಕಪ್ಪು ವೈರಿನ ತುದಿಯಲ್ಲಿ ಬೆರಳುಗುರಿನಷ್ಟು ಸೆನ್ಸರ್ ಇರುತ್ತದೆ. ಅದನ್ನು ಪೆಟ್ಟಿಗೆಯೊಳಗೆ, ಮ್ಯಾಟಿನ ಮೇಲಿನ ಗಾಜಿಗೆ ಟೇಪಿನಿಂದ ಅಂಟಿಸಿರುತ್ತಾರೆ. ರಾತ್ರಿ ಹಾವು ಸಿಪ್ಪೆ ಕೆದಕುತ್ತಾ ಮೂತಿಯಿಂದ ವೈರನ್ನು ಎಬ್ಬಿಸುತ್ತದೆ, ಸೆನ್ಸರ್ ತಣ್ಣನೆಯ ಮೂಲೆಗೋ ನೀರಿನ ಬಟ್ಟಲಿಗೋ ಬಂದು ಬೀಳುತ್ತದೆ. ಅಲ್ಲಿ 22 ಡಿಗ್ರಿ. ಪೆಟ್ಟಿಗೆ ತಣ್ಣಗಾಗಿದೆ ಎಂದು ನಂಬಿದ ಥರ್ಮೋಸ್ಟಾಟ್ ಮ್ಯಾಟಿಗೆ ಪೂರ್ತಿ ಕರೆಂಟು ಬಿಟ್ಟು ಸುಮ್ಮನಾಗುತ್ತದೆ, ಸೆನ್ಸರ್ ಇರುವಲ್ಲಿ 32 ಬರುವವರೆಗೆ. ಅದು ಬರುವುದೇ ಇಲ್ಲ. ಬೆಳಗಾಗುವ ಹೊತ್ತಿಗೆ ಮ್ಯಾಟಿನ ಮೇಲಿನ ಗಾಜು 45 ಡಿಗ್ರಿ ದಾಟಿರಬಹುದು. ಹಾವು ಸೆನ್ಸರಿನ ಮೇಲೆ ಉಚ್ಚೆ ಹೊಯ್ದರೂ ಇದೇ ಗತಿ. ಸೆನ್ಸರನ್ನು ಪೆಟ್ಟಿಗೆಯ ಹೊರಗೆ ಮ್ಯಾಟಿಗೂ ಗಾಜಿಗೂ ನಡುವೆ ಸಿಕ್ಕಿಸುವುದು, ಒಳಗೇ ಇಡುವುದಾದರೆ ಕ್ಲಿಪ್ಪಿನಿಂದ ಬಿಗಿಯುವುದು ವಾಸಿ. ಟೇಪಂತೂ ಬೇಡವೇ ಬೇಡ. ಅದಕ್ಕೆ ಅಂಟಿಕೊಂಡ ಹಾವು ಚರ್ಮ ಕಿತ್ತುಕೊಂಡೇ ಬಿಡಿಸಿಕೊಳ್ಳುತ್ತದೆ.

ಥರ್ಮೋಸ್ಟಾಟಿನ ಮುಖದ ಮೇಲಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಬೇರೆ ಡಿಜಿಟಲ್ ಥರ್ಮಾಮೀಟರಿನಿಂದ ಎರಡೂ ತುದಿಯ ಗಾಳಿ, ಇನ್‌ಫ್ರಾರೆಡ್ ಗನ್ನಿನಿಂದ ನೆಲ ಅಳೆಯಬೇಕು. ಗಾಜಿಗೆ ಅಂಟಿಸುವ ಗಡಿಯಾರದಂಥ ಅಗ್ಗದ ಮೀಟರುಗಳು ಅಲಂಕಾರಕ್ಕೆ ಸರಿ. ಅಳೆಯುವಾಗ ಸಿಪ್ಪೆಯ ಮೇಲಲ್ಲ, ಅದನ್ನು ಸರಿಸಿ ಬರಿಗಾಜಿನ ಮೇಲೆ ನೋಡಬೇಕು. ಹಾವು ಕೆದಕಿ ಕೆದಕಿ ಕೊನೆಗೆ ಮಲಗುವುದು ಅಲ್ಲೇ.

ಸುಡುವುದು ಹಾವೊಂದೇ ಅಲ್ಲ, ಮನೆಯೂ ಸುಡುತ್ತದೆ. ಕ್ಲಿಪ್ಪಿನಿಂದ ಸಿಕ್ಕಿಸಿದ ದೀಪ ಬೆಕ್ಕು ಹಾರಿ ಹಾಸಿಗೆಯ ಮೇಲೆ ಬಿದ್ದರೆ ಸಾಕು. ನಾಲ್ಕಾರು ಪೆಟ್ಟಿಗೆಗಳ ಹೀಟರುಗಳನ್ನು ಒಂದೇ ಎಕ್ಸ್‌ಟೆನ್ಷನ್ನಿಗೆ ಜೋಡಿಸುವುದು ಇನ್ನೊಂದು ಚಾಳಿ. ಕೋಣೆಯಲ್ಲಿ ಹೊಗೆ ಅಲಾರಂ ಇರಲೇಬೇಕು.

ನಮ್ಮಲ್ಲಿ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ಹಾವುಗಳ ಮಾತು ಬೇರೆ. ಬಾಲ್ ಪೈಥಾನಿನಂತೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ ಇದ್ದರೆ, ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಳ್ಳದಾರಿಯೂ ಬಿಡುವಿಲ್ಲದೆ ನಡೆದಿದೆ: 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕಿದ್ದವು. ಇನ್ನು ಸಾಕುವ ರೀತಿಗೆ ಬಂದರೆ, ಬೆಂಗಳೂರಿನ ಹವೆಗೆ ಬ್ರಿಟನ್ನಿನ ಕೈಪಿಡಿ ಹೊಂದುವುದಿಲ್ಲ. ಜನವರಿಯ ರಾತ್ರಿ 15 ಡಿಗ್ರಿಗೆ ಇಳಿದಾಗ ಹೀಟರ್ ಬೇಕು ನಿಜ. ಏಪ್ರಿಲ್ ಮಧ್ಯಾಹ್ನ ಕೋಣೆಯೇ 33 ಮುಟ್ಟಿದಾಗ ಸವಾಲು ಇರುವುದು ಪೆಟ್ಟಿಗೆಯಲ್ಲಿ ತಣ್ಣನೆಯ ತುದಿಯನ್ನು ಉಳಿಸಿಕೊಳ್ಳುವುದರಲ್ಲಿ.

ಚಳಿಯೇ ಕೊಲ್ಲುವುದಕ್ಕೂ ಉದಾಹರಣೆಯಿದೆ. ಸಾಕುಪ್ರಾಣಿ ವ್ಯಾಪಾರದಿಂದ ತಪ್ಪಿಸಿಕೊಂಡು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೀಡುಬಿಟ್ಟಿರುವ ಬರ್ಮಾ ಹೆಬ್ಬಾವುಗಳಿಗೆ 2010ರ ಜನವರಿಯ ದೀರ್ಘ ಚಳಿ ತಾಗಿತು. ವಿಜ್ಞಾನಿಗಳು ರೇಡಿಯೊ ಅಳವಡಿಸಿ ಹಿಂಬಾಲಿಸುತ್ತಿದ್ದ 10 ಹಾವುಗಳಲ್ಲಿ 9 ಸತ್ತವು. 2021ರ ಫೆಬ್ರವರಿಯಲ್ಲಿ ಟೆಕ್ಸಸ್ಸಿನಲ್ಲಿ ಹಿಮಬಿದ್ದು ಲಕ್ಷಾಂತರ ಮನೆಗಳ ಕರೆಂಟು ದಿನಗಟ್ಟಲೆ ಹೋದಾಗ ಹಾವು ಸಾಕಿದವರಿಗೆ ಎದುರಾದದ್ದೂ ಇದೇ ಭಯ. ಅಂಥ ಹೊತ್ತಿನಲ್ಲಿ ಹಾವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಗಾಳಿಗೆ ತೂತಿರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಡುತ್ತಾರೆ. ಬಾಟಲಿ ಹಾವಿಗೆ ನೇರವಾಗಿ ತಾಗಬಾರದು, ಒಂದು ಪಕ್ಕ ಖಾಲಿ ಇರಬೇಕು. ಆರೋಗ್ಯವಂತ ಬೆಳೆದ ಹಾವು ಒಂದೆರಡು ದಿನ ಸ್ವಲ್ಪ ತಣ್ಣಗಿದ್ದರೂ ತಡೆದುಕೊಳ್ಳುತ್ತದೆ, ಹೊಟ್ಟೆಯಲ್ಲಿ ಇಲಿ ಇಲ್ಲದಿದ್ದರೆ. ಕರೆಂಟು ಬಂದು, ಪೆಟ್ಟಿಗೆ ಮೊದಲಿನಂತೆ ಕಾದು, ಒಂದೆರಡು ದಿನ ಕಳೆದ ಮೇಲೆಯೇ ಮುಂದಿನ ಊಟ.