ಲಿನಕ್ಸ್ ಹಾಕಿದರೆ ಪ್ರಿಂಟರ್ ಯಾಕೆ ಮುನಿಸಿಕೊಳ್ಳುತ್ತದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಇದರಿಂದ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಕಂಪ್ಯೂಟರ್‌ಗಳು "ಹಳೆಯವು" ಎನಿಸಿಕೊಂಡಿವೆ. ಜಮಖಂಡಿಯಲ್ಲೋ ಮುಧೋಳದಲ್ಲೋ ಬೀಳಗಿಯಲ್ಲೋ ಪೈಥಾನ್ ಕಲಿಯಲು ಕಡಿಮೆ ಬೆಲೆಯ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಹುಡುಕುವ ವಿದ್ಯಾರ್ಥಿಗೆ ಇದು ಒಳ್ಳೆಯ ಸುದ್ದಿಯೇ. ಉಬುಂಟು, ಮಿಂಟ್, ಡೆಬಿಯನ್‌ನಂಥ ಲಿನಕ್ಸ್ ಪುಕ್ಕಟೆ ಸಿಗುತ್ತವೆ, ಟಿಪಿಎಂ ಬೇಕೆಂದು ಹಟ ಮಾಡುವುದಿಲ್ಲ. ಹಾಗೆಂದು ತೀರಾ ಹಳೆಯದನ್ನೂ ತರಬೇಡಿ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದೆ.

ತೊಂದರೆ ಕಾಣಿಸುವುದು ಲಿನಕ್ಸ್ ಹಾಕಿ ಪ್ರಿಂಟರ್ ಜೋಡಿಸಿದಾಗ.

1985ರಲ್ಲಿ ಬಂದ ಆಪಲ್ ಲೇಸರ್‌ರೈಟರ್ ಪ್ರಿಂಟರ್‌ನೊಳಗೆ ಅದರದೇ ಪ್ರೊಸೆಸರ್, ಮೆಮೊರಿ ಇದ್ದವು. ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಪುಟದ ವಿವರಣೆ ಕಳಿಸಿದರೆ ಸಾಕು, ಚುಕ್ಕೆಗಳ ಲೆಕ್ಕ ಅದೇ ಹಾಕುತ್ತಿತ್ತು. ಕಳಿಸಿದ ಕಂಪ್ಯೂಟರ್ ಯಾವುದೆಂಬುದು ಅದಕ್ಕೆ ಮುಖ್ಯವಲ್ಲ. ಆದರೆ ಇಂಥ ಪ್ರಿಂಟರ್ ದುಬಾರಿ. ಮನೆ, ಅಂಗಡಿಗಳಿಗೆ ಮಾರಬೇಕಾದಾಗ ಕಂಪನಿಗಳು ಆ ಬುದ್ಧಿಯನ್ನು ಪ್ರಿಂಟರ್‌ನಿಂದ ತೆಗೆದು, ಕಂಪ್ಯೂಟರ್‌ನಲ್ಲಿ ಕೂರುವ ಡ್ರೈವರ್ ಎಂಬ ತಂತ್ರಾಂಶಕ್ಕೆ ವಹಿಸಿದವು. ರಬಕವಿ-ಬನಹಟ್ಟಿಯವರಿಗೆ ಮಗ್ಗದ ಉದಾಹರಣೆ ಬೇಗ ತಿಳಿದೀತು. ಜಕಾರ್ಡ್ ಇದ್ದರೆ ಯಾವ ಎಳೆ ಏಳಬೇಕೆಂದು ಅದರ ಕಾರ್ಡೇ ಹೇಳುತ್ತದೆ. ಇಲ್ಲದಿದ್ದರೆ ವಿನ್ಯಾಸ ಗೊತ್ತಿರುವ ಒಬ್ಬರು ಪಕ್ಕದಲ್ಲೇ ನಿಂತು ಎಳೆ ಎತ್ತಿಸಬೇಕು. ಡ್ರೈವರ್ ಎಂದರೆ ಹಾಗೆ ಪಕ್ಕದಲ್ಲಿ ನಿಂತವರು.

ಈಗ ಆ ಡ್ರೈವರನ್ನು ಯಾರಿಗಾಗಿ ಬರೆಯುತ್ತಾರೆ? ಗಿರಾಕಿ ಹೆಚ್ಚಿರುವಲ್ಲಿಗೆ, ಅಂದರೆ ವಿಂಡೋಸ್‌ಗೆ. ಝರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಇದೇ ಜಾತಿಯದು. ಅದು ಅರ್ಥ ಮಾಡಿಕೊಳ್ಳುವುದು ಕಂಪನಿಯ ಸ್ವಂತ "ಕ್ಯಾಪ್ಟ್" ಭಾಷೆಯನ್ನು ಮಾತ್ರ. ಲಿನಕ್ಸ್‌ಗೂ ಕಂಪನಿ ಡ್ರೈವರ್ ಕೊಟ್ಟಿದೆ, ಆದರೆ ವಿಂಡೋಸ್‌ನಲ್ಲಿ ಕೂತಷ್ಟು ಸಲೀಸಾಗಿ ಅದು ಕೂರುವುದಿಲ್ಲ. ಕೆಲವು ವೈಫೈ ಚಿಪ್‌ಗಳ ಕಥೆಯೂ ಇದೇ. ಆದ್ದರಿಂದ "ಲಿನಕ್ಸ್ ಕಷ್ಟ" ಎಂಬ ದೂರಿನಲ್ಲಿ ಅರ್ಧ ಪಾಲು ಲಿನಕ್ಸ್‌ನದಲ್ಲ ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಶುರುವಾಗುವ ಹಂತದಲ್ಲೂ ಈ ಹಿಡಿತ ಇದೆ: 2012ರಲ್ಲಿ ವಿಂಡೋಸ್ 8 ಜೊತೆ ಬಂದ ಸೆಕ್ಯೂರ್ ಬೂಟ್‌ಗಾಗಿ ಉಬುಂಟು ಕೂಡ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಪಡೆಯಬೇಕಾಯಿತು.

ಬಳಸುವವರು ಒಟ್ಟಾಗಿದ್ದರೆ ಲೆಕ್ಕ ಬೇರೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ "ಕೈಟ್" ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್ ಇದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಇಡೀ ರಾಜ್ಯದ ಶಾಲೆಗಳು ಗಿರಾಕಿಯಾದಾಗ, ಲಿನಕ್ಸ್‌ನಲ್ಲಿ ನಡೆಯದ ಯಂತ್ರವನ್ನು ಮಾರುವುದು ಸುಲಭವಲ್ಲ.

ನಾವು ಒಬ್ಬೊಬ್ಬರೇ ಕೊಳ್ಳುವವರು, ಹಾಗಾಗಿ ಅಂಗಡಿಯಲ್ಲೇ ಪರೀಕ್ಷಿಸಬೇಕು. ಉಬುಂಟು ಅಥವಾ ಮಿಂಟ್ ತುಂಬಿದ ಪೆನ್‌ಡ್ರೈವ್ ಒಯ್ಯಿರಿ. ಹಾರ್ಡ್ ಡಿಸ್ಕ್ ಮುಟ್ಟದೆ ಅದರಿಂದಲೇ ಕಂಪ್ಯೂಟರ್ ಶುರುಮಾಡಬಹುದು. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ ನೋಡಿ. ಪ್ರಿಂಟರ್ ಕೊಳ್ಳುವುದಾದರೆ ಅದು ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಭಾಷೆ ಬಲ್ಲದೇ ಎಂದು ಡಬ್ಬಿಯ ಮೇಲೆ ಓದಿ, ಆಮೇಲೆ ದುಡ್ಡು ಕೊಡಿ.